ಕೋಡಿಯ ನೀರಿನ ನೆಗೆತವೂ ಅದಕ್ಕೆ ಒಡ್ಡುವ ತಡೆಗಳೂ

ಕೆರೆಯು ತುಂಬಿ ಕೋಡಿ ಬಿದ್ದಾಗ ಗ್ರಾಮಸ್ಥರಿಗೆ ಸಂತೋಷವಾಗುವುದು ಸಹಜ. ಆದರೆ ಕೋಡಿಯಿಂದ ಇಳಿಯುವ ನೀರು ಕೆಳಗಿನ ನೆಲವನ್ನು ಕೊರೆದು, ಕ್ರಮೇಣ ಕಟ್ಟಡದ ಬುಡವನ್ನೇ ಟೊಳ್ಳು ಮಾಡಬಲ್ಲುದೆಂಬುದನ್ನು ಅನೇಕರು ಗಮನಿಸುವುದಿಲ್ಲ. ಕೋಡಿ ಕುಸಿದರೆ ಕೆರೆಯ ನೀರೂ ಅದನ್ನು ನಂಬಿದ ಗದ್ದೆಗಳ ಬೆಳೆಯೂ ಹೋದಂತೆಯೇ ಸರಿ. ಇದನ್ನು ತಪ್ಪಿಸುವ ಉಪಾಯವು ನೀರಿನ ಸ್ವಭಾವದಲ್ಲಿಯೇ ಇರುವುದು.

ನುಣುಪಾದ ಕಲ್ಲುಚಪ್ಪಡಿಯ ಮೇಲೆ ಸಣ್ಣ ಧಾರೆಯನ್ನು ಬಿಟ್ಟರೆ, ನೀರು ತೆಳುವಾದ ಪೊರೆಯಂತೆ ವೇಗವಾಗಿ ಹರಡಿ, ಸ್ವಲ್ಪ ದೂರದಲ್ಲಿ ಬಳೆಯಾಕಾರವಾಗಿ ಒಮ್ಮೆಲೇ ಏರಿ, ಅಲ್ಲಿಂದ ಮುಂದಕ್ಕೆ ನಿಧಾನವಾಗಿ ಹರಿಯುವುದು. ಈ ಏರಿಕೆಯೇ ನೀರಿನ ನೆಗೆತ. ಇಂಜಿನಿಯರುಗಳು ಇದನ್ನು ಹೈಡ್ರಾಲಿಕ್ ಜಂಪ್ ಎನ್ನುವರು. ಬಳೆಯ ಹೊರಗೆ ಸುತ್ತಲೂ ಜೇಡಿಮಣ್ಣಿನ ಸಣ್ಣ ಬದುವನ್ನು ಕಟ್ಟಿದರೆ ಹೊರಗಿನ ನೀರು ಆಳವಾಗಿ, ಬಳೆಯು ಕಿರಿದಾಗಿ ಧಾರೆಯ ಕಡೆಗೆ ಸರಿಯುವುದು. ಪೊರೆಯ ನಡುವೆ ಬೆರಳನ್ನಿಟ್ಟರೆ ನೀರು ಅದರ ಮುಂದೆ ಏರಿ, ಬಿಲ್ಲಿನಂತೆ ಬಾಗಿ ಎರಡು ಪಕ್ಕಗಳಿಗೂ ಸಿಡಿಯುವುದು. ತಡೆಯ ಸ್ಥಾನವನ್ನೂ ಆಕಾರವನ್ನೂ ಅನುಸರಿಸಿ ಫಲವು ಬೇರೆಯಾಗುವುದೆಂಬುದು ಇದರಿಂದ ಸ್ಪಷ್ಟ.

ನೀರು ತನ್ನ ಮೇಲಿನ ಅಲೆಗಳಿಗಿಂತಲೂ ವೇಗವಾಗಿ ಹರಿದು, ಮುಂದೆ ನಿಧಾನವಾದ ಆಳದ ನೀರನ್ನು ಸಂಧಿಸಿದಲ್ಲಿ ನೆಗೆತವುಂಟಾಗುವುದು. ಇಟಲಿಯ ಬಿದೋನೆ ಎಂಬಾತನು 1818ರಲ್ಲಿ ಇದನ್ನು ಕಾಲುವೆಯಲ್ಲಿ ಪರೀಕ್ಷಿಸಿದನು. ಫ್ರಾನ್ಸಿನ ಬೆಲಾಂಜೆಯು 1838ರಲ್ಲಿ ಇದರ ಸರಿಯಾದ ಲೆಕ್ಕವನ್ನು ತೋರಿಸಿದನು. ಸುಮಾರು 3½ ಅಡಿ ಇಳಿದ ನೀರಿನ ವೇಗವು ಸೆಕೆಂಡಿಗೆ 15 ಅಡಿಯಾಗುವುದು. ಅದು ಸಮನಾದ ಹಾಸಿನ ಮೇಲೆ 3 ಅಂಗುಲ ದಪ್ಪವಾಗಿ ಹರಿದರೆ, ನೆಗೆತದ ಬಳಿಕ ಸುಮಾರು 21 ಅಂಗುಲ ಆಳವಾಗುವುದು. ಈ ಕುದಿತದಲ್ಲಿ ನೀರಿನ ಶಕ್ತಿಯ ಅರ್ಧದಷ್ಟು ಕಳೆದುಹೋಗುವುದು. ಆ ಶಕ್ತಿಯು ಕಲ್ಲುಹಾಸಿನ ಮೇಲೆ ಕಳೆಯದಿದ್ದರೆ ಮಣ್ಣಿನ ಮೇಲೆ ಕಳೆಯುವುದು. ಕೊರೆತಕ್ಕೆ ಅದೇ ಕಾರಣ.

ಆದುದರಿಂದ ನೆಗೆತವನ್ನು ಹಾಸಿನ ಮೇಲೆಯೇ ನಿಲ್ಲಿಸಬೇಕು. ತಡೆಯಿಲ್ಲದ ಹಾಸಿಗೆ ನೆಗೆತದ ನಂತರದ ಆಳದ ಸುಮಾರು 6ರಷ್ಟು, ಅಂದರೆ ಮೇಲಿನ ಲೆಕ್ಕಕ್ಕೆ 10½ ಅಡಿ ಉದ್ದ ಬೇಕಾಗುವುದು. ಸಮಾನ ಅಂತರವುಳ್ಳ ಕಲ್ಲುಗಟ್ಟಿಗಳ ಸಾಲನ್ನೂ ಕೊನೆಯಲ್ಲಿ ತಗ್ಗಾದ ಅಡ್ಡಗೋಡೆಯನ್ನೂ ಕ್ರಮವಾಗಿ ಕಟ್ಟಿದರೆ ಅದರ ಅರ್ಧಕ್ಕಿಂತ ಕಡಿಮೆ ಉದ್ದವು ಸಾಕಾಗಬಹುದೆಂದು, 1957ರಲ್ಲಿ ಪ್ರಕಟವಾದ ಅಮೆರಿಕದ ಬ್ರಾಡ್ಲಿ ಮತ್ತು ಪೀಟರ್ಕಾ ಇವರ ಪರೀಕ್ಷೆಗಳು ತೋರಿಸಿವೆ.

ಆದರೆ ಒಂಟಿ ಗುಂಡನ್ನು ಮನಬಂದಂತೆ ಉರುಳಿಸಿ ಬಿಡುವುದು ಹಿತವಲ್ಲ. ಬೆರಳಿನ ಮುಂದೆ ಸಿಡಿದಂತೆಯೇ ನೀರು ಅದರ ಪಕ್ಕಕ್ಕೆ ತಿರುಗಿ ದಡವನ್ನೋ ಏರಿಯನ್ನೋ ಕೊರೆಯುವುದು. ಕೋಡಿಯ ಬಾಯಿಗೆ ಕಲ್ಲು, ಮಣ್ಣು ಅಡ್ಡವಿಟ್ಟು ಕೆರೆಯ ನೀರನ್ನು ಹೆಚ್ಚಿಸಿಕೊಳ್ಳುವುದಂತೂ ಏರಿಗೇ ಅಪಾಯಕರ. ಸೆಕೆಂಡಿಗೆ 50 ಅಡಿಗೆ ಮೀರಿದ ವೇಗದಲ್ಲಿ ಗಟ್ಟಿಗಳು ತಾವೇ ಸವೆದು ಕೆಡುವುವು.

ಗ್ರಾಮದ ಮುಖಂಡರೂ ಜಮೀನುದಾರರೂ ಮಳೆಗೆ ಮುಂಚಿತವಾಗಿ ಕೋಡಿಯ ಹಾಸನ್ನು ಪರೀಕ್ಷಿಸಿ, ಕಿತ್ತ ಕಲ್ಲುಗಳನ್ನೂ ಹಾಸಿನ ಕೊನೆಯಲ್ಲಿ ಬಿದ್ದ ಗುಂಡಿಗಳನ್ನೂ ಗುರುತಿಸತಕ್ಕದ್ದು. ಕೋಡಿ ಹರಿಯುವಾಗ ನೊರೆಯೇಳುವ ಸ್ಥಳವು ಹಾಸಿನ ಮೇಲಿರುವುದೋ ಮಣ್ಣಿನ ಮೇಲಿರುವುದೋ ನೋಡತಕ್ಕದ್ದು. ಮಣ್ಣಿನ ಮೇಲಿದ್ದರೆ ತಡಮಾಡದೆ ಕೆರೆಯ ಇಂಜಿನಿಯರಿಗೆ ತಿಳಿಸಿ, ಅವರ ಅಳತೆಯಂತೆಯೇ ತಡೆಗಳನ್ನು ಕಟ್ಟಿಸುವುದು ಕ್ಷೇಮಕರ.