ಕೋಷ್ಟಕದ ಕೊನೆಯ ಸಾಲು

ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಹಾಳೆ ಮುಗಿದರೆ ಗುಮಾಸ್ತ ಬರವಣಿಗೆ ನಿಲ್ಲಿಸಿ ಯಜಮಾನರನ್ನು ಕೂಗುತ್ತಾನೆ. ಹೊಸ ಪುಸ್ತಕ ಬರುತ್ತದೆ. ಗಣಕಯಂತ್ರದೊಳಗಿನ ಹಾಳೆ ಮುಗಿದಾಗ ಹೀಗೆ ಯಾರನ್ನಾದರೂ ಕೂಗುವುದುಂಟೇ? ಕೂಗದೆ ಹೋದರೆ ಏನಾಗುತ್ತದೆಂಬುದನ್ನು ಇಂಗ್ಲೆಂಡಿನ ಜನ 2020ರಲ್ಲಿ ಕಂಡರು.

ಕೋವಿಡ್ ಹಾವಳಿಯ ಕಾಲ. ಪರೀಕ್ಷಾಲಯಗಳಿಂದ ಸೋಂಕಿತರ ವಿವರಗಳು ಸಿಎಸ್‌ವಿ ಎಂಬ ಸಾದಾ ಕಡತಗಳಲ್ಲಿ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಸಂಸ್ಥೆಗೆ ಬರುತ್ತಿದ್ದುವು. ಒಂದೊಂದು ವಿವರದ ನಡುವೆ ಒಂದು ಅಲ್ಪವಿರಾಮ, ಇಷ್ಟೇ ಆ ಕಡತದ ಶೃಂಗಾರ. ಅದಕ್ಕೆ ಸಾಲುಗಳ ಮಿತಿಯಿಲ್ಲ. ಸಂಸ್ಥೆಯಲ್ಲಿ ಅವನ್ನು ಎಕ್ಸೆಲ್‌ನ ಹಳೆಯ ಮಾದರಿಯ ಹಾಳೆಗೆ ಇಳಿಸಿಕೊಳ್ಳುತ್ತಿದ್ದರು. ಆ ಹಾಳೆಯಾದರೋ 65,536 ಸಾಲುಗಳ ಮೇಲೆ ಒಂದನ್ನೂ ಹಿಡಿಯದು. ಒಬ್ಬೊಬ್ಬ ಸೋಂಕಿತರಿಗೆ ಹಲವು ಸಾಲುಗಳು ಬೇಕಾಗಿದ್ದುದರಿಂದ ಒಂದು ಹಾಳೆಗೆ ಸುಮಾರು 1,400 ಮಂದಿಯಷ್ಟೇ ಹಿಡಿಸಿದರು. ಮಿಕ್ಕವರು ಸದ್ದಿಲ್ಲದೆ ಹೊರಗುಳಿದರು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಹೀಗೆ ಲೆಕ್ಕ ತಪ್ಪಿದವರು 15,841 ಮಂದಿ! ಅವರಿಗೆ ತಮ್ಮ ಪರೀಕ್ಷೆಯ ಫಲಿತಾಂಶವೇನೋ ತಲಪಿತ್ತು. ಆದರೆ ಅವರೊಡನೆ ಕುಳಿತು ಉಂಡವರನ್ನು, ಒಂದೇ ಕೋಣೆಯಲ್ಲಿ ದುಡಿದವರನ್ನು ಹುಡುಕಿ ಎಚ್ಚರಿಸುವ ಕೆಲಸ ದಿನಗಟ್ಟಲೆ ತಡವಾಯಿತು. ಆಮೇಲೆ ಮಾಡಿದ ಪರಿಹಾರ ತೀರ ಸರಳವಾದದ್ದು. ದೊಡ್ಡ ಕಡತವನ್ನು ಚಿಕ್ಕ ಚಿಕ್ಕ ಕಂತುಗಳಾಗಿ ಒಡೆದರು.

ಈ 65,536 ಎಲ್ಲಿಂದ ಬಂತೆಂದು ತಾವು ಕೇಳಬಹುದು. ಹದಿನಾರು ಎರಡುಗಳನ್ನು ಒಂದಕ್ಕೊಂದು ಗುಣಿಸಿ ನೋಡಿ, ಸಿಕ್ಕುವುದು ಅದೇ. ಸಾಲಿನ ಸಂಖ್ಯೆಯನ್ನು ಗುರುತಿಡಲು ಹಳೆಯ ಮಾದರಿ ಹದಿನಾರು ಬಿಟ್‌ಗಳ ಜಾಗವನ್ನಷ್ಟೇ ಇಟ್ಟುಕೊಂಡಿತ್ತು. 2007ರ ಎಕ್ಸೆಲ್‌ನೊಂದಿಗೆ ಬಂದ ಹೊಸ ಮಾದರಿಯಲ್ಲಿ ಇಪ್ಪತ್ತು ಎರಡುಗಳ ಗುಣಲಬ್ಧ, ಅಂದರೆ 10,48,576 ಸಾಲುಗಳು. ಬಹಳವಾಯಿತಲ್ಲ ಎನ್ನಬೇಡಿ. ಆರ್, ಸ್ಟಾಟಾ, ಎಸ್‌ಎಎಸ್ ಮುಂತಾದ ಸಂಖ್ಯಾಶಾಸ್ತ್ರದ ತಂತ್ರಾಂಶಗಳಲ್ಲಿ ಅದಕ್ಕೂ ಎಷ್ಟೋ ಉದ್ದದ ಕೋಷ್ಟಕಗಳನ್ನು ಇಟ್ಟು ಕೆಲಸ ಮಾಡುತ್ತಾರೆ. ಅಲ್ಲಿಂದ ಎಕ್ಸೆಲ್‌ಗೆ ಕಳಿಸುವುದೆಂದರೆ ಕೆರೆಯ ನೀರನ್ನು ಕೊಡಕ್ಕೆ ತುಂಬಿದಂತೆ.

ಇನ್ನು ಸಾಲುಗಳೆಲ್ಲ ಬಂದವೆನ್ನಿ. ಸಾಲು ಉಳಿದರೆ ಸಾಕೆ, ಅರ್ಥವೂ ಉಳಿಯಬೇಕಲ್ಲ! ಸಮೀಕ್ಷೆಯವರು ವಯಸ್ಸು ಹೇಳದವರ ಮುಂದೆ 99 ಎಂದು ಬರೆದು, "ಇದು ವಯಸ್ಸಲ್ಲ, ಉತ್ತರ ಸಿಕ್ಕಿಲ್ಲವೆಂಬ ಗುರುತು" ಎಂದು ತಮ್ಮ ತಂತ್ರಾಂಶಕ್ಕೆ ತಿಳಿಸಿರುತ್ತಾರೆ. ಹಾಳೆಗೆ ಸಾಗಿಸುವಾಗ ಈ ತಿಳಿವಳಿಕೆ ಹಿಂದೆಯೇ ಉಳಿದು ಬರಿಯ 99 ಮಾತ್ರ ಬಂದೀತು. ಸರಾಸರಿ ತೆಗೆದು ನೋಡಿದರೆ ಊರ ತುಂಬ ಮುದುಕರು! ತಾರೀಖುಗಳದೂ ಇದೇ ಪಾಡು. ಎಸ್‌ಎಎಸ್ 1960ರ ಜನವರಿ 1ರಿಂದ ದಿನಗಳನ್ನು ಎಣಿಸುತ್ತದೆ, ಎಕ್ಸೆಲ್ 1900ರಿಂದ. ತಾರೀಖು ಬರಿಯ ಸಂಖ್ಯೆಯಾಗಿ ದಾಟಿದರೆ ಅರವತ್ತು ವರ್ಷಗಳ ಅಂತರ ಬೀಳುತ್ತದೆ. ಬೆಂಗಳೂರಿನ ದೂರವಾಣಿಯ 080 ಎಂಬುದರ ಮೊದಲ ಸೊನ್ನೆ ಹಾರಿಹೋಗಿ 80 ಆಗುತ್ತದೆ. ಹದಿನೈದು ಅಂಕೆಗಳಿಗಿಂತ ಉದ್ದವಾದ ಖಾತೆ ಸಂಖ್ಯೆಯಾದರೆ ಕೊನೆಯ ಅಂಕೆಗಳ ಜಾಗಕ್ಕೆ ಸೊನ್ನೆಗಳು ಬಂದು ಕೂರುತ್ತವೆ. ಮಾರ್ಚ್1 ಎಂಬ ಹೆಸರಿನ ಜೀನನ್ನು ಎಕ್ಸೆಲ್ ತಾರೀಖೆಂದೇ ಓದುತ್ತಿತ್ತು. ಕಡೆಗೆ ವಿಜ್ಞಾನಿಗಳೇ ಸೋತು ಆ ಜೀನಿಗೆ ಮಾರ್ಚ್‌ಎಫ್1 ಎಂದು ಮರುನಾಮಕರಣ ಮಾಡಬೇಕಾಯಿತು.

ತಮ್ಮ ಮನೆಯ ಹುಡುಗನೋ ಹುಡುಗಿಯೋ ಇಂಥ ಕೆಲಸದಲ್ಲಿದ್ದರೆ, ಕಳಿಸುವ ಮುನ್ನ ಸಾಲುಗಳೆಷ್ಟು, ತಲಪಿದ ಮೇಲೆ ಎಷ್ಟು ಎಂದು ಎಣಿಸಲು ಹೇಳಿ. ಹಣದ್ದೋ ವಯಸ್ಸಿನದೋ ಒಂದು ಅಂಕಣದ ಒಟ್ಟು ಮೊತ್ತವನ್ನು ಎರಡೂ ಕಡೆ ತಾಳೆ ನೋಡುವುದು ಇನ್ನೂ ಒಳ್ಳೆಯದು. ಕೋಷ್ಟಕ ದೊಡ್ಡದಾದರೆ ಜಿಲ್ಲೆಗೊಂದು, ವರ್ಷಕ್ಕೊಂದು ಕಡತವಾಗಿ ಒಡೆಯಲಿ. ಸಂಕೇತ ಸಂಖ್ಯೆಗಳ ಅಂಕಣಗಳನ್ನು ಅಕ್ಷರವೆಂದೇ ಸಾಗಿಸಲಿ. ಮುಖ್ಯವಾಗಿ, ಉದ್ದದ ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದಾಗ ಪೂರ್ತಿ ಬರಲಿಲ್ಲವೆಂಬ ಸೂಚನೆ ಕಂಡರೆ, ಅದೇ ಹೆಸರಿನಲ್ಲಿ ಉಳಿಸುವ ಗುಂಡಿಯನ್ನು ಒತ್ತಲೇಬಾರದು. ಒತ್ತಿದರೆ ಕಾಣದೆ ಉಳಿದ ಸಾಲುಗಳು ಮೂಲ ಕಡತದಿಂದಲೂ ಹೋಗುತ್ತವೆ.