ಫೈಲಿನ ಹೆಸರಲ್ಲೇ ಇತ್ತು ಕಂಪೈಲರ್

2009ರ ಜೂನ್ ಕೊನೆಯಲ್ಲಿ ಪಿಎಚ್‌ಪಿ 5.3 ಬಂದಾಗ ವಿಂಡೋಸ್ ಬಳಸುವವರ ಮುಂದೆ ನಾಲ್ಕು ಜಿಪ್ ಫೈಲುಗಳಿದ್ದವು. ಆವೃತ್ತಿ ಒಂದೇ, ಸೋರ್ಸ್ ಕೋಡ್ ಒಂದೇ. ಆದರೆ ಎರಡರ ಹೆಸರಿನಲ್ಲಿ ವಿಸಿ6 ಎಂದಿತ್ತು, ಇನ್ನೆರಡರಲ್ಲಿ ವಿಸಿ9. ಅಪಾಚೆ ಸಂಸ್ಥೆಯೇ ಕೊಡುವ ಸರ್ವರ್ ಇದ್ದವರು ವಿಸಿ6 ತೆಗೆದುಕೊಳ್ಳಿ, ಮೈಕ್ರೋಸಾಫ್ಟಿನ ಐಐಎಸ್ ಇದ್ದವರು ವಿಸಿ9 ತೆಗೆದುಕೊಳ್ಳಿ ಎಂಬ ಸೂಚನೆ ಪಕ್ಕದಲ್ಲೇ ಇತ್ತು. ಆರಕ್ಕಿಂತ ಒಂಬತ್ತು ಹೊಸದು, ಹೊಸದೇ ಒಳ್ಳೆಯದು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಇಲ್ಲಿ ಆ ಲೆಕ್ಕ ಹಿಡಿದವರ ಅಪಾಚೆ ಏಳಲು ನಿರಾಕರಿಸುತ್ತಿತ್ತು. ಎದ್ದರೂ ಕಾರಣ ಹೇಳದೆ ಬೀಳುವ ಭಯವಿತ್ತು.

ವಿಸಿ6 ಎಂದರೆ 1998ರ ವಿಷುಯಲ್ ಸಿ++ 6. ವಿಸಿ9 ಎಂದರೆ ವಿಷುಯಲ್ ಸ್ಟುಡಿಯೋ 2008ರ ಕಂಪೈಲರ್. ಕಂಪೈಲರ್ ತನ್ನ ಕೆಲಸ ಮುಗಿಸಿ ಎದ್ದು ಹೋಗುತ್ತದೆ, ಆಮೇಲೆ ಅದರ ಹಂಗೇಕೆ ಎನ್ನಬಹುದು. ಆದರೆ ಅದು ಪೂರ್ತಿ ಹೋಗುವುದಿಲ್ಲ. ಮೆಮೊರಿ ಕೇಳುವುದು, ಫೈಲ್ ತೆರೆಯುವುದು, ಗಂಟೆ ನೋಡುವುದು ಇವೆಲ್ಲ ಸಿ ರನ್‌ಟೈಮ್ ಲೈಬ್ರರಿಯ ಕೆಲಸ. ವಿಸಿ6ರಲ್ಲಿ ಕಟ್ಟಿದ ಅಪಾಚೆ ಎಂಎಸ್‌ವಿಸಿಆರ್‌ಟಿ ಎಂಬ ಡಿಎಲ್‌ಎಲ್ ಅನ್ನು ನೆಚ್ಚಿತ್ತು. ವಿಸಿ9ರ ಪಿಎಚ್‌ಪಿ ಎಂಎಸ್‌ವಿಸಿಆರ್90 ಅನ್ನು. ಪಿಎಚ್‌ಪಿಯನ್ನು ಅಪಾಚೆಯ ಮಾಡ್ಯೂಲಾಗಿ ಸೇರಿಸಿದರೆ ಒಂದೇ ಪ್ರೋಸೆಸ್‌ನೊಳಗೆ ಎರಡು ರನ್‌ಟೈಮ್‌ಗಳು ಕೂರುತ್ತವೆ.

ದೇವಸ್ಥಾನದ ಮುಂದೆ ಎರಡು ಚಪ್ಪಲಿ ಕೌಂಟರುಗಳಿವೆ ಎನ್ನಿ. ಎರಡೂ ಕಡೆ ಟೋಕನ್ ಒಂದರಿಂದಲೇ ಶುರು. ಈ ಕೌಂಟರಿನ 5ನೇ ನಂಬರ್ ಹಿಡಿದು ಆ ಕೌಂಟರಿನಲ್ಲಿ ಕೇಳಿದರೆ ಇನ್ಯಾರದೋ ಜೋಡು ಸಿಗುತ್ತದೆ, ಇಲ್ಲವೇ ಏನೂ ಸಿಗುವುದಿಲ್ಲ. ಫೈಲ್ ಡಿಸ್ಕ್ರಿಪ್ಟರ್‌ಗಳ ವಿಷಯದಲ್ಲಿ ಆಗುವುದು ಇದೇ, ಏಕೆಂದರೆ ಪ್ರತಿ ರನ್‌ಟೈಮ್‌ಗೂ ತನ್ನದೇ ಪಟ್ಟಿಯಿದೆ. ಮೆಮೊರಿಯದ್ದು ಇನ್ನೂ ಕಠಿಣ: ಒಂದು ರನ್‌ಟೈಮಿನಿಂದ ಪಡೆದ ಜಾಗವನ್ನು ಇನ್ನೊಂದಕ್ಕೆ ಹಿಂದಿರುಗಿಸಲು ಹೋದರೆ ಹೀಪ್ ಕೆಡುತ್ತದೆ. ಕೆಟ್ಟ ಕ್ಷಣದಲ್ಲೇ ಕುಸಿದರೆ ಪುಣ್ಯ. ಎಷ್ಟೋ ಹೊತ್ತಿನ ನಂತರ, ಸಂಬಂಧವೇ ಇಲ್ಲದ ಸಾಲಿನಲ್ಲಿ ಬಿದ್ದಾಗ ಬರೆದವರು ತಮ್ಮ ಕೋಡನ್ನೇ ಜಾಲಾಡುತ್ತಾರೆ. ಸಮಯದ ಅಳತೆಯೂ ಬೇರೆಯಾಗಿತ್ತು: ವಿಸಿ6ರಲ್ಲಿ ಕಾಲವನ್ನು ಹಿಡಿದಿಡುವ ಟೈಮ್_ಟಿ 32 ಬಿಟ್, ವಿಷುಯಲ್ ಸ್ಟುಡಿಯೋ 2005ರಿಂದ, ಬೇರೆ ಹೇಳದಿದ್ದರೆ, 64.

ಅಪಾಚೆಯೂ ಸರಿಯಿತ್ತು, ಪಿಎಚ್‌ಪಿಯೂ ಸರಿಯಿತ್ತು. ತಪ್ಪು ಇದ್ದದ್ದು ಅವು ಸೇರುವ ಗಡಿಯಲ್ಲಿ. ಕಲಿಯಲು ಕೂತ ಹುಡುಗ ಹುಡುಗಿಯರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ತಮಗೇ ಬುದ್ಧಿ ಸಾಲದು ಎಂದುಕೊಂಡು ಅವರು ಕೈಚೆಲ್ಲುತ್ತಾರೆ. ಅದಕ್ಕೇ ಫೈಲಿನ ಹೆಸರಿನಲ್ಲಿ ಕಂಪೈಲರನ್ನು ಬರೆದವರ ಬಗ್ಗೆ ನನಗೆ ಗೌರವ. ಪಿಎಚ್‌ಪಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಪ್ರತಿ ಎಕ್ಸ್‌ಟೆನ್ಶನ್‌ನ ಮೈಮೇಲೂ ಬಿಲ್ಡ್ ಗುರುತು ಹಾಕಿತು. ಗುರುತು ಹೊಂದದಿದ್ದರೆ ಎರಡನ್ನೂ ತೋರಿಸಿ, ಆ ಎಕ್ಸ್‌ಟೆನ್ಶನನ್ನು ಲೋಡ್ ಮಾಡದೆ ಬಿಡುತ್ತದೆ.

ಆ ಗುರುತಿನಲ್ಲಿ ಥ್ರೆಡ್ಡಿನ ಮಾತೂ ಇದೆ. ವಿಂಡೋಸ್ ಮೇಲಿನ ಅಪಾಚೆ ಒಂದೇ ಚೈಲ್ಡ್ ಪ್ರೋಸೆಸ್ಸಿನಲ್ಲಿ ಹಲವು ಥ್ರೆಡ್ಡುಗಳನ್ನು ಓಡಿಸುವುದರಿಂದ ಮಾಡ್ಯೂಲಾಗಿ ಸೇರುವ ಪಿಎಚ್‌ಪಿ ಥ್ರೆಡ್ ಸೇಫ್ ಆಗಿರಲೇಬೇಕು. ಫಾಸ್ಟ್‌ಸಿಜಿಐ ಈ ತಂಟೆಯನ್ನೆಲ್ಲ ಬದಿಗಿಡುತ್ತದೆ. ಪಿಎಚ್‌ಪಿ ಬೇರೆಯೇ ಪ್ರೋಸೆಸ್ಸಾಗಿ ಓಡಿ, ಸರ್ವರ್ ಜೊತೆ ಪೈಪ್ ಅಥವಾ ಸಾಕೆಟ್ ಮೂಲಕ ಬೈಟುಗಳಲ್ಲಷ್ಟೇ ಮಾತಾಡುತ್ತದೆ. ಆಗ ಯಾರನ್ನು ಯಾವ ಕಂಪೈಲರ್ ಕಟ್ಟಿದರೂ ನಡೆಯುತ್ತದೆ. ನನ್ನ ಮಟ್ಟಿಗೆ ಮೊದಲಿನಿಂದಲೂ ಸರಿಯಾದ ದಾರಿ ಇದೇ. ಲಿನಕ್ಸಿನಲ್ಲಿ ಈ ಜಗಳ ಅಪರೂಪ. ಸಾಮಾನ್ಯವಾಗಿ ಎಲ್ಲವೂ ಒಂದೇ ಸಿ ಲೈಬ್ರರಿಗೆ ಜೋತುಬಿದ್ದಿರುತ್ತವೆ.

2011ರಲ್ಲಿ ಪಿಎಚ್‌ಪಿ 5.3.6 ವಿಸಿ6ಕ್ಕೆ ವಿದಾಯ ಹೇಳಿತು. ಹೊಸ ಕಂಪೈಲರಿನ ಅಪಾಚೆ ಬೇಕಾದವರು ಅಪಾಚೆ ಲೌಂಜ್ ಎಂಬ ತಾಣದತ್ತ ಹೋದರು. ಮುಂದೆ 5.5ಕ್ಕೆ ವಿಸಿ11, 7.0ಕ್ಕೆ ವಿಸಿ14. ನಿಜವಾದ ಬಿಡುಗಡೆ ಬಂದದ್ದು ವಿಷುಯಲ್ ಸ್ಟುಡಿಯೋ 2015ರಲ್ಲಿ. ಯೂನಿವರ್ಸಲ್ ಸಿ ರನ್‌ಟೈಮ್ ಬಂತು. 2015, 2017, 2019, 2022 ನಾಲ್ಕರ ಕಂಪೈಲರುಗಳೂ ಪರಸ್ಪರ ಹೊಂದುವಂತೆ ಮೈಕ್ರೋಸಾಫ್ಟ್ ನೋಡಿಕೊಂಡಿತು. ಮುಖ್ಯ ಷರತ್ತು ಇದು: ಕಂಪ್ಯೂಟರಿನಲ್ಲಿರುವ ರನ್‌ಟೈಮ್, ಕಟ್ಟಲು ಬಳಸಿದ ಅತಿ ಹೊಸ ಉಪಕರಣಕ್ಕಿಂತ ಹಳೆಯದಾಗಿರಬಾರದು. ಹಳೆಯದಿದ್ದರೆ ಇಂದಿನ ಪಿಎಚ್‌ಪಿ ಆ ಡಿಎಲ್‌ಎಲ್‌ನ ಹೆಸರನ್ನೂ ಎರಡೂ ಆವೃತ್ತಿಗಳ ಸಂಖ್ಯೆಯನ್ನೂ ಎಚ್ಚರಿಕೆಯ ಸಾಲಿನಲ್ಲೇ ತೋರಿಸುತ್ತದೆ.