ಎರೆಗೂ ಡಾಂಬರಿಗೂ ಒಂದೇ ಟೈರ್?

ಪ್ರಶ್ನೆ: ನಿಪ್ಪಾಣಿ ಬಳಿಯ ಭೋಜ ಗ್ರಾಮದ ಹೊಲದ ದಾರಿ, ಡಾಂಬರು ರಸ್ತೆ ಎರಡಕ್ಕೂ ಹೊಂದುವ ಮೌಂಟೇನ್ ಬೈಕ್ ಟೈರ್ ಯಾವುದು?

ಉತ್ತರ: ದೂಧಗಂಗಾ, ವೇದಗಂಗಾ ನದಿಗಳು ಕೂಡುವ ಭೋಜದ ಸುತ್ತ ಕಬ್ಬಿನ ಹೊಲ, ಎರೆಮಣ್ಣು. ಬೇಸಿಗೆಯಲ್ಲಿ ಗಟ್ಟಿಯಾಗಿ ಬಿರಿಯುವ ಈ ಮಣ್ಣು ಮಳೆ ಬಿದ್ದರೆ ಅಂಟಂಟಾಗಿ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಟೈರಿನ ಹಲ್ಲುಗಳು ಒತ್ತೊತ್ತಾಗಿದ್ದರೆ ರಾಡಿ ಅಲ್ಲೇ ಮೆತ್ತಿಕೊಳ್ಳುತ್ತದೆ. ನಡುವೆ ಬಿಡುವಿದ್ದರೆ ಉದುರುತ್ತದೆ. ಹಾಗೆಂದು ತೀರಾ ಎತ್ತರದ ಹಲ್ಲು ಬೇಡ. ಡಾಂಬರಿನಲ್ಲಿ ಗುಂಯ್‌ಗುಡುತ್ತ ಬೇಗ ಸವೆಯುತ್ತದೆ, ತುಳಿಯುವ ಕಾಲಿಗೂ ಭಾರ.

ಅಗಲ 2.25 ಇಂಚಿನ ಆಸುಪಾಸು, ನಡುವೆ ಗಿಡ್ಡ ಹಲ್ಲು, ಅಂಚಿನಲ್ಲಿ ಎತ್ತರದ ಬಿಡಿಬಿಡಿ ಹಲ್ಲು: ಇಂಥದ್ದು ಸಾಕು. ತಿರುವು, ಬ್ರೇಕಿನ ಹೊಣೆ ಹೆಚ್ಚಾಗಿ ಮುಂದಿನ ಗಾಲಿಯದು, ಅಲ್ಲಿ ಹಿಡಿತವಿರಲಿ. ಹಿಂದಿನದು ಸಲೀಸಾಗಿ ಉರುಳಲಿ. ಮಳೆಗಾಲದ ಎರೆಹೊಲಕ್ಕೆ ಮಾತ್ರ ಯಾವ ಟೈರೂ ಸಾಲದು, ಬಿಡಿ.

ಗಾಳಿ ಮಣ್ಣಿನ ದಾರಿಗೆ ತುಸು ಕಡಿಮೆ, ನಿಪ್ಪಾಣಿ ಕಡೆಯ ಡಾಂಬರಿಗೆ ತುಸು ಹೆಚ್ಚು. ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಪಂಕ್ಚರ್ ಆಗುತ್ತದೆ. ಜಾಲಿಮುಳ್ಳಿನ ಕಾಟವಿದ್ದರೆ ಸೀಲೆಂಟ್ ಹಾಕಿದ ಟ್ಯೂಬ್‌ಲೆಸ್ ಒಳ್ಳೆಯದು. ಸಣ್ಣ ತೂತು ತಾನೇ ಮುಚ್ಚುತ್ತದೆ.

ಕೊಳ್ಳುವ ಮೊದಲು ಹಳೆಯ ಟೈರಿನ ಬದಿಯ ಅಂಕಿ ಓದಿಕೊಳ್ಳಿ. ಮೌಂಟೇನ್ ಬೈಕಿನ 26 ಇಂಚಿನ ಗಾಲಿಗೆ 559, 27.5ಕ್ಕೆ 584, 29ಕ್ಕೆ 622. ಈ ಅಂಕಿ ಹೊಂದದ ಟೈರ್ ರಿಮ್ಮಿಗೆ ಕೂಡುವುದಿಲ್ಲ.